ಬೋರ್ಡು ಬದಲಾಯಿತು, ಸಾಂಬಾರು ಅದೇ

ಮುಂಬೈಯಲ್ಲಿ ನಾಲ್ಕು ದಶಕ ಕಳೆದವರಿಗೆ ಈ ದೃಶ್ಯ ಹೊಸತಲ್ಲ. ಹೋಟೆಲಿನ ಪಾಲುದಾರರು ಬೇರೆಯಾಗುತ್ತಾರೆ. ಹೆಸರು ಒಬ್ಬರ ಪಾಲಿಗೆ ಹೋಗುತ್ತದೆ, ಅಡುಗೆಮನೆ ಇನ್ನೊಬ್ಬರ ಪಾಲಿಗೆ. ಹೆಸರು ಪಡೆದವರು ಎರಡು ರಸ್ತೆ ಆಚೆ ಹೊಸ ಹೋಟೆಲು ತೆರೆಯುತ್ತಾರೆ. ಹಳೆಯ ಜಾಗದಲ್ಲಿ ಹೊಸ ಬೋರ್ಡು ಏರುತ್ತದೆ; ಒಳಗೆ ಅದೇ ಭಟ್ಟರು, ಅದೇ ಒಲೆ, ಅದೇ ಸಾಂಬಾರು. ಬೆಳಗ್ಗೆ ಇಡ್ಲಿಗೆ ಬರುವ ಗಿರಾಕಿ ಯಾವ ಕಡೆ ತಿರುಗಬೇಕು?

ಹೆವಿ ಮೆಟಲ್ ಗಿಟಾರಿನ ಲೋಕದಲ್ಲಿ 2004ರಲ್ಲಿ ಇಂಥದ್ದೇ ಒಂದು ಪಾಲುಪಟ್ಟಿ ನಡೆಯಿತು. ಅಮೆರಿಕದ ಪೀವಿ ಕಂಪನಿ ತಯಾರಿಸುತ್ತಿದ್ದ 5150 ಎಂಬ ಆಂಪ್ಲಿಫೈಯರಿನ ಹೆಸರು ಎಡ್ಡಿ ವ್ಯಾನ್ ಹೇಲನ್ ಎಂಬ ಗಿಟಾರ್ ವಾದಕನ ಜೊತೆ ಹೊರಟುಹೋಯಿತು. ಸರ್ಕ್ಯೂಟು ಪೀವಿಯಲ್ಲೇ ಉಳಿದು 6505 ಎಂಬ ಹೊಸ ಬೋರ್ಡು ಹಾಕಿಕೊಂಡಿತು. ಅಂದಿನಿಂದ ಇಂದಿನವರೆಗೆ ಗಿಟಾರ್ ಹಿಡಿದ ಹುಡುಗರು ಸೇರಿದಲ್ಲೆಲ್ಲ ಒಂದೇ ಜಗಳ: ಅಸಲಿ ಯಾವುದು?

ಈ ಅಂಕಣಕ್ಕೂ ಆ ಗದ್ದಲಕ್ಕೂ ಏನು ಸಂಬಂಧ ಎಂದು ಹಿರಿಯ ಓದುಗರು ಕೇಳಬಹುದು. ನಮ್ಮವರ ಮನೆಗಳಲ್ಲಿ ಹಾರ್ಮೋನಿಯಂ ಇದ್ದ ಮೂಲೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಒರಗಿಕೊಂಡಿರುವುದು ಈಗ ಅಪರೂಪವಲ್ಲ. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡದ ಗುರುಗ್ರಾಮ ಕಾರ್ಯಕ್ರಮ ರದ್ದಾಗಿ, ಬೆಂಗಳೂರಿನ ಅರಮನೆ ಮೈದಾನದ ಕಾರ್ಯಕ್ರಮ ಮಾತ್ರ ನಡೆದಾಗ, ಊರಿನ ಜಾತ್ರೆಗೆ ಕರೆದರೆ ರಜೆ ಇಲ್ಲ ಎನ್ನುತ್ತಿದ್ದ ನಮ್ಮ ಮಕ್ಕಳು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಓಡಿದ್ದರು. (ಮೆಟಾಲಿಕಾದವರು ಈ ಆಂಪಿನವರಲ್ಲ, ಅದು ಬೇರೆ ಮಾತು.) ಈಗ ಅದೇ ಮಕ್ಕಳು ಸಂಬಳದ ದುಡ್ಡು ಕೂಡಿಟ್ಟು ಆಂಪ್ ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಒಂದು ಹೆಡ್ಡಿನ ಬೆಲೆ ನಮ್ಮ ಊರುಗಳ ಒಂದು ತಿಂಗಳ ಮನೆಬಾಡಿಗೆಯನ್ನು ಸಲೀಸಾಗಿ ದಾಟುತ್ತದೆ. ಹಳೆಯ ಬೋರ್ಡಿಗೆ ಹೆಚ್ಚು ತೆರಬೇಕೋ ಬೇಡವೋ ಎಂಬುದು ದುಡ್ಡಿನ ಪ್ರಶ್ನೆಯೇ.

ಮೊದಲು ಹೆಸರಿನ ಕಥೆ. ಕ್ಯಾಲಿಫೋರ್ನಿಯದ ಕಾನೂನಿನಲ್ಲಿ 5150ನೇ ಸೆಕ್ಷನ್ ಎಂದರೆ ಮಾನಸಿಕ ಸ್ಥಿಮಿತ ತಪ್ಪಿ ತನಗೋ ಇತರರಿಗೋ ಅಪಾಯ ತರಬಹುದಾದ ವ್ಯಕ್ತಿಯನ್ನು ಅವರ ಒಪ್ಪಿಗೆ ಇಲ್ಲದೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವ ಅಧಿಕಾರ. ಎಡ್ಡಿ ತನ್ನ ಮನೆಯಂಗಳದಲ್ಲಿ ಕಟ್ಟಿಸಿದ ಸ್ಟುಡಿಯೋಗೆ ತಮಾಷೆಯಾಗಿ ಆ ಸಂಖ್ಯೆಯನ್ನೇ ಇಟ್ಟ. 1986ರಲ್ಲಿ ಬಂದ ವ್ಯಾನ್ ಹೇಲನ್ ತಂಡದ ಆಲ್ಬಮ್ಮಿಗೂ ಅದೇ ಹೆಸರು. 1992ರಲ್ಲಿ ಪೀವಿ ಜೊತೆ ಸೇರಿ ಹೊರತಂದ ಆಂಪಿಗೂ ಅದೇ. 6505ರ ಹಿಂದೆ ಅಂಥ ಹುಚ್ಚು ಏನಿಲ್ಲ. ಹಾರ್ಟ್ಲಿ ಪೀವಿ 1965ರಲ್ಲಿ ಮಿಸಿಸಿಪಿ ರಾಜ್ಯದ ಮೆರಿಡಿಯನ್ ಊರಿನಲ್ಲಿ ಕಂಪನಿ ಶುರುಮಾಡಿದ್ದು. 2005ಕ್ಕೆ ನಲವತ್ತು ತುಂಬಿತು. 65, 05. ಇಷ್ಟೇ.

ಆದರೆ ಆ ಪೆಟ್ಟಿಗೆಯ ಒಳಗಿನ ಕೆಲಸ ಮಾಡಿದವನು ಎಡ್ಡಿಯಲ್ಲ. ಪೀವಿಯ ಎಂಜಿನಿಯರ್ ಜೇಮ್ಸ್ ಬ್ರೌನ್. (ಅಮೆರಿಕದ ಪ್ರಸಿದ್ಧ ಗಾಯಕನದ್ದೇ ಹೆಸರು, ಇದರಿಂದ ಆತನಿಗೆ ಎಷ್ಟು ತೊಂದರೆ ಆಗಿರಬಹುದೋ.) ಎಡ್ಡಿ ಬಾರಿಸಿ, ಇಲ್ಲಿ ಸ್ವಲ್ಪ ಹೆಚ್ಚು ಬೇಕು, ಅಲ್ಲಿ ಕಡಿಮೆ ಎಂದು ಹೇಳಿದ; ಬ್ರೌನ್ ಬೆಸುಗೆ ಹಾಕಿದ. ಆಂಪಿನ ಮುಖದ ಮೇಲೆ ಆತನ ಹೆಸರು ಎಂದೂ ಬರಲಿಲ್ಲ. ಮುಂದೆ ಆತ ಆಂಪ್‌ಟ್ವೀಕರ್ ಎಂಬ ತನ್ನದೇ ಪೆಡಲ್ ಕಂಪನಿ ಕಟ್ಟಿದ.

ಈಗ ಒಳಗೆ ಇಣುಕೋಣ. ಹಳೆಯ ಮರ್ಫಿ, ಫಿಲಿಪ್ಸ್ ರೇಡಿಯೋ ನೆನಪಿದ್ದವರಿಗೆ ಅರ್ಧ ಕೆಲಸ ಸುಲಭ. ಸ್ವಿಚ್ ಹಾಕಿದ ಮೇಲೆ ಅರೆನಿಮಿಷ ಕಾಯಬೇಕಿತ್ತಲ್ಲ, ಹಿಂದೆ ಗಾಜಿನ ವಾಲ್ವ್‌ಗಳು ಕೆಂಪಗೆ ಬೆಳಗುತ್ತಿದ್ದವಲ್ಲ, ಇಲ್ಲೂ ಅವೇ. ಗಿಟಾರಿನ ತಂತಿಯಿಂದ ಬರುವ ವಿದ್ಯುತ್ ಸಂಕೇತ ತೀರ ಪುಟ್ಟದು. 12ಎಎಕ್ಸ್7 ಎಂಬ ಬೆರಳುದ್ದದ ವಾಲ್ವ್ ಅದನ್ನು ಹಿಗ್ಗಿಸುತ್ತದೆ. ಒಂದು ಗಾಜಿನ ಕೊಳವೆಯಲ್ಲಿ ಇಂಥ ಎರಡು ಹಂತಗಳಿರುತ್ತವೆ. ಒಂದು ಹಂತ ಹಿಗ್ಗಿಸಿದ್ದನ್ನು ಮುಂದಿನದಕ್ಕೆ ಕೊಟ್ಟು, ಅದು ಇನ್ನೂ ಹಿಗ್ಗಿಸಿ ಅದರ ಮುಂದಿನದಕ್ಕೆ ಕೊಟ್ಟರೆ, ಎಲ್ಲೋ ಒಂದು ಕಡೆ ವಾಲ್ವಿಗೆ ತಡೆದುಕೊಳ್ಳಲಾಗುವುದಿಲ್ಲ. ಅಲೆಯ ತಲೆಯೂ ಬುಡವೂ ಕತ್ತರಿಸಿಹೋಗುತ್ತವೆ. ರೇಡಿಯೋದಲ್ಲಿ ಹೀಗಾದರೆ ರಿಪೇರಿಯವನಿಗೆ ಕೊಡುತ್ತಿದ್ದೆವು. ಮೆಟಲ್ ಗಿಟಾರಿನವರಿಗೆ ಬೇಕಾದದ್ದೇ ಆ ಕತ್ತರಿಸಿದ ದನಿ. ಹಂತಗಳನ್ನು ಹೀಗೆ ಪೋಣಿಸಿ ಬೇಕೆಂದೇ ಒಡೆದ ದನಿ ತೆಗೆಯುವುದನ್ನೇ ಹೈ ಗೇನ್ ಎನ್ನುವುದು.

5150ರ ಮೊದಲ ಆವೃತ್ತಿಯಲ್ಲಿ 12ಎಎಕ್ಸ್7 ಐದು, ಶಕ್ತಿ ಕೊಡುವ ದೊಡ್ಡ 6ಎಲ್6 ವಾಲ್ವು ನಾಲ್ಕು, ಒಟ್ಟು 120 ವಾಟ್. ಎಡ್ಡಿ ಅದಕ್ಕೂ ಮುನ್ನ ನುಡಿಸುತ್ತಿದ್ದ ಸೋಲ್ಡಾನೊ ಎಸ್‌ಎಲ್‌ಒ-100ರ ನೆರಳು ಇದರ ಸರ್ಕ್ಯೂಟಿನ ಮೇಲೆ ಎದ್ದು ಕಾಣುತ್ತದೆ. ಮುಖ್ಯವಾಗಿ ಒಂದು ಹಂತವನ್ನು ಬೇಕೆಂದೇ ಅರೆಹೊಟ್ಟೆಯಲ್ಲಿ ಇಟ್ಟಿರುತ್ತಾರೆ, ಅದರಲ್ಲಿ ಹರಿಯುವ ವಿದ್ಯುತ್ತು ತೀರ ಕಡಿಮೆ. ಹಾಗಾಗಿ ಅಲೆಯ ಒಂದು ಪಕ್ಕ ಇನ್ನೊಂದಕ್ಕಿಂತ ಬೇಗ ಕತ್ತರಿಸುತ್ತದೆ. ಗರಗಸದಂಥ ಆ ಅಂಚು ಅಲ್ಲಿಂದ ಬಂದದ್ದು.

ಇದರ ಇನ್ನೊಂದು ಗುಟ್ಟು ರೆಸೊನೆನ್ಸ್ ಎಂಬ ನಾಬು. ಪ್ರೆಸೆನ್ಸ್ ನಾಬು ಹಳೆಯ ಆಂಪುಗಳಲ್ಲೂ ಇತ್ತು, ಅದು ಮೇಲಿನ ಸ್ವರಗಳ ಹರಿತ ಹೆಚ್ಚಿಸುತ್ತದೆ. ರೆಸೊನೆನ್ಸ್ ಅದೇ ಕೆಲಸವನ್ನು ತಗ್ಗಿನ ಸ್ವರಗಳಿಗೆ ಮಾಡುತ್ತದೆ. ಅಂಗೈಯಿಂದ ತಂತಿ ಒತ್ತಿ ಹಿಡಿದು ಹೊಡೆದಾಗ ಎದೆಗೆ ಗುದ್ದು ಬಿದ್ದಂತೆ ಅನಿಸುತ್ತದಲ್ಲ, ಅದು ಬಹುಮಟ್ಟಿಗೆ ಈ ನಾಬಿನ ಕೃಪೆ. ಎಡ್ಡಿ ನುಡಿಸುತ್ತಿದ್ದದ್ದು ಹಾಡಿನ ಹುರುಪಿನ ಹಾರ್ಡ್ ರಾಕ್. ಆ ಆಂಪನ್ನು ಎತ್ತಿಕೊಂಡವರು ಮಾತ್ರ ಬೇರೆಯೇ ಜನ: ಮಷೀನ್ ಹೆಡ್, ಆಮೇಲೆ ಟ್ರಿವಿಯಮ್, ಬ್ರಿಟನ್ನಿನ ಧ್ವನಿಮುದ್ರಕ ಆಂಡಿ ಸ್ನೀಪ್ ಕೈಯಲ್ಲಿ ಪಳಗಿದ ಸಾಲು ಸಾಲು ಮೆಟಲ್ ತಂಡಗಳು. ಮಗನಿಗೆಂದು ಹೊಲಿಸಿದ ಅಂಗಿ ನೆರೆಮನೆಯವನಿಗೆ ಸರಿಹೊಂದಿದ ಹಾಗೆ.

ಇನ್ನು ಆವೃತ್ತಿಗಳು. ಮೊದಮೊದಲು ಬಂದ ಪೆಟ್ಟಿಗೆಗಳ ಮೇಲೆ 5150 ಎಂದು ದಪ್ಪ ಅಚ್ಚಕ್ಷರ ಇತ್ತು. ಇವು ಬ್ಲಾಕ್ ಲೆಟರ್. ಆಮೇಲೆ ಬಂದವುಗಳ ಮೇಲೆ ಎಡ್ಡಿಯ ಸಹಿ, ಇವು ಸಿಗ್ನೇಚರ್. 2004ರ ನಂತರದ್ದು 6505. ಹಳೆಯ ಮಾಲು ಮಾರುವವರು ಬ್ಲಾಕ್ ಲೆಟರಿಗೆ ಹೆಚ್ಚು ಬೆಲೆ ಹೇಳುತ್ತಾರೆ, ಸಿಗ್ನೇಚರಿಗೆ ಸ್ವಲ್ಪ ಕಡಿಮೆ, 6505ಕ್ಕೆ ಇನ್ನೂ ಕಡಿಮೆ. ಆದರೆ ಈ ಮೂರರ ಸರ್ಕ್ಯೂಟು ಒಂದೇ. ಅದೇ ಹಂತಗಳು, ಅದೇ ನಾಬುಗಳು. ಎರಡು ಚಾನೆಲ್ಲುಗಳಿಗೆ ಸೇರಿ ಒಂದೇ ಜೊತೆ ಬಾಸ್, ಮಿಡ್, ಟ್ರೆಬಲ್ ಎಂಬ ಅದೇ ಕೊರತೆ.

ಹಾಗಾದರೆ ಬ್ಲಾಕ್ ಲೆಟರ್ ಚೆನ್ನಾಗಿ ಕೇಳುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಮೊದಲ ಪೆಟ್ಟಿಗೆಗಳು ಕಾರ್ಖಾನೆಯಿಂದ ಹೊರಟಾಗ ಅವುಗಳಲ್ಲಿ ಅಮೆರಿಕದ ಸಿಲ್ವೇನಿಯಾ ಕಂಪನಿಯ 6ಎಲ್6 ವಾಲ್ವುಗಳಿದ್ದವು. ಆ ವಾಲ್ವುಗಳಿಗೆ ಒಳ್ಳೆಯ ಹೆಸರಿದೆ. ಆದರೆ ಸ್ವಾಮಿ, ಪವರ್ ವಾಲ್ವ್ ಎಂದರೆ ಬಲ್ಬಿನ ಹಾಗೆ ಸವೆಯುವ ಮಾಲು. ದಿನಾ ನುಡಿಸುವವರ ಆಂಪಿನಲ್ಲಿ ಕೆಲವೇ ವರ್ಷಕ್ಕೊಮ್ಮೆ ಬದಲಾಯಿಸಬೇಕು. 1992ರ ಪೆಟ್ಟಿಗೆ ಇಂದು ನಿಮ್ಮ ಕೈಗೆ ಬರುವಾಗ ಆ ಸಿಲ್ವೇನಿಯಾ ವಾಲ್ವುಗಳು ಯಾವತ್ತೋ ಕಸದ ಬುಟ್ಟಿ ಸೇರಿರುತ್ತವೆ. ನೀವು ಹೆಚ್ಚುವರಿ ದುಡ್ಡು ಕೊಡುತ್ತಿರುವುದು ಅಚ್ಚಕ್ಷರಕ್ಕೆ.

ಎರಡು ಪೆಟ್ಟಿಗೆಗಳ ನಡುವೆ ವ್ಯತ್ಯಾಸ ಕೇಳಿಸುವುದಕ್ಕೆ ಬೇರೆ ಕಾರಣಗಳೂ ಇವೆ. ನಾಬಿನ ಹಿಂದಿರುವ ಪೊಟೆನ್ಶಿಯೋಮೀಟರಿನ ಬೆಲೆ ಶೇಕಡಾ 20ರಷ್ಟು ಆಚೀಚೆ ಇರುವುದು ಸಾಮಾನ್ಯ. ಒಂದರ 5 ಇನ್ನೊಂದರ 6ಕ್ಕೆ ಸಮನಾಗಬಹುದು. ಇನ್ನು ಬಯಾಸ್, ಅಂದರೆ ಸುಮ್ಮನೆ ಕುಳಿತಾಗ ಪವರ್ ವಾಲ್ವಿನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ. ಪೀವಿ ಇದನ್ನು ತಗ್ಗಿನಲ್ಲೇ ಕಟ್ಟಿಹಾಕಿ, ತಿರುಗಿಸಲು ಸ್ಕ್ರೂ ಕೂಡ ಕೊಡಲಿಲ್ಲ. ವಾಲ್ವ್ ಹೆಚ್ಚು ಕಾಲ ಬಾಳುತ್ತದೆ, ಯಾರು ಬೇಕಾದರೂ ಬದಲಾಯಿಸಬಹುದು, ಒಳ್ಳೆಯದೇ. ಆದರೆ ದನಿ ಸ್ವಲ್ಪ ಒಣಗಿದಂತೆ, ಮರಳು ಬೆರೆತಂತೆ ಕೇಳುತ್ತದೆ. ಕೆಲವರು ರಿಪೇರಿಯವರಿಂದ ಒಂದು ಪುಟ್ಟ ಟ್ರಿಮ್ಮರ್ ಹಾಕಿಸಿ ಬಯಾಸ್ ಏರಿಸುತ್ತಾರೆ. ಹಾಗೆ ಏರಿಸಿದ 6505 ಒಂದನ್ನು ಏರಿಸದ ಬ್ಲಾಕ್ ಲೆಟರ್ ಪಕ್ಕದಲ್ಲಿಟ್ಟರೆ ಹೊಸ ಬೋರ್ಡಿನದ್ದೇ ಹೆಚ್ಚು ದುಂಡಗೆ ಕೇಳಿದರೆ ಆಶ್ಚರ್ಯವಿಲ್ಲ. ವ್ಯತ್ಯಾಸ ಇದೆ, ಆದರೆ ಅದು ಹೆಸರಿನದ್ದಲ್ಲ.

ನಿಜವಾದ ಬದಲಾವಣೆ ಬಂದದ್ದು 1999ರಲ್ಲಿ, 5150 ಟೂ ಎಂಬ ಹೆಸರಿನಲ್ಲಿ. ಇದಕ್ಕೆ ಇನ್ನೊಂದು 12ಎಎಕ್ಸ್7 ಸೇರಿ ಆರಾಯಿತು. ಎರಡು ಚಾನೆಲ್ಲಿಗೂ ತಮ್ಮತಮ್ಮದೇ ಬಾಸ್, ಮಿಡ್, ಟ್ರೆಬಲ್, ರೆಸೊನೆನ್ಸ್, ಪ್ರೆಸೆನ್ಸ್ ಸಿಕ್ಕವು. ವೇದಿಕೆಯ ಮೇಲೆ ಒಂದೇ ಹಾಡಿನಲ್ಲಿ ಎರಡು ದನಿ ಬೇಕಾದವರಿಗೆ ಇದು ದೊಡ್ಡ ಉಪಕಾರ. ರಿದಮ್ ಚಾನೆಲ್ಲು ಸ್ವಲ್ಪ ಶುಚಿಯಾಯಿತು. ಲೀಡ್ ಚಾನೆಲ್ಲಿನ ಗರಗಸದ ಹಲ್ಲು ಸ್ವಲ್ಪ ಸವೆಯಿತು ಎಂದು ಬಹಳಷ್ಟು ಮೆಟಲ್ ವಾದಕರ ದೂರು. ನನ್ನ ಕಿವಿಗೂ ಹಾಗೇ. 2004ರ ನಂತರ ಇದರ ಬೋರ್ಡು 6505 ಪ್ಲಸ್ ಎಂದಾಯಿತು. ಅಂದರೆ ಹೋಲಿಸಬೇಕಾದ್ದು 5150ಕ್ಕೂ 6505ಕ್ಕೂ ಅಲ್ಲ, 6505ಕ್ಕೂ 6505 ಪ್ಲಸ್‌ಗೂ. ಅಂಗಡಿಯಲ್ಲಿ ಹೆಸರುಗಳು ಅಣ್ಣತಮ್ಮಂದಿರ ಹಾಗೆ ಕೇಳಿಸುವುದರಿಂದ ಹುಡುಗರು ಎಡವುವುದು ಇಲ್ಲೇ. ಪ್ಲಸ್ ಇದೆ ಎಂದರೆ ಅದೇ ದನಿ, ಸ್ವಲ್ಪ ಹೆಚ್ಚು ಎಂದುಕೊಳ್ಳುತ್ತಾರೆ. ಅದು ಬೇರೆಯೇ ದನಿ.

ಪೀವಿ ಆಮೇಲೆ 6ಎಲ್6 ತೆಗೆದು ಇಎಲ್34 ವಾಲ್ವ್ ಹಾಕಿದ 6534 ಪ್ಲಸ್ ತಂದಿತು, ಮಧ್ಯದ ಸ್ವರಗಳು ಮುಂದೆ ನಿಲ್ಲುವ ಬ್ರಿಟಿಷ್ ಗುಣದ್ದು. 60 ವಾಟಿನ ಕಾಂಬೊ ಬಂತು. ಮೊದಲಿನದೇ ಬೇಕು ಎನ್ನುವವರಿಗಾಗಿ 6505 1992 ಒರಿಜಿನಲ್ ಎಂಬ ಹೆಸರಿನದ್ದೂ ಬಂತು. ಸ್ವಂತ ಸಾಂಬಾರಿಗೆ ಹಳೇ ಸಾಂಬಾರು ಎಂದು ಬೋರ್ಡು ಬರೆಸಿದ ಹಾಗೆ. 20 ವಾಟಿನ ಪುಟ್ಟ 6505 ಎಂಎಚ್ ಇದೆ. ಇದರ ಪವರ್ ವಾಲ್ವ್ ಇಎಲ್84. ಇಲ್ಲಿ ನಮ್ಮವರ ಒಂದು ಸಣ್ಣ ಎಳೆ ಇದೆ: ಇದೇ ಇಎಲ್84 ವಾಲ್ವನ್ನು ಒಂದು ಕಾಲಕ್ಕೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, ತಯಾರಿಸುತ್ತಿತ್ತು. ಜಾಲಹಳ್ಳಿಯ ಹಳೆಯ ದಾಸ್ತಾನಿಗೆ ಹೊರದೇಶದ ಆಂಪ್ ಪ್ರಿಯರಲ್ಲಿ ಇಂದಿಗೂ ಗಿರಾಕಿಗಳಿದ್ದಾರೆ.

ಈಗ ಹೆಸರು ಹೊತ್ತು ಹೋದವನ ಹೊಸ ಹೋಟೆಲು. ಎಡ್ಡಿ ಫೆಂಡರ್ ಕಂಪನಿ ಜೊತೆ ಸೇರಿ ಇವಿಎಚ್ ಎಂಬ ತನ್ನದೇ ಬ್ರ್ಯಾಂಡ್ ಕಟ್ಟಿ, 2007ರಲ್ಲಿ 5150 ತ್ರೀ ಹೊರತಂದ. ಇದು ಬರೀ ಹೆಸರಲ್ಲ, ಹೊಸ ಅಡುಗೆ. ಮೂರು ಚಾನೆಲ್ಲು, ಹಸಿರು ಶುಚಿ ದನಿಗೆ, ನೀಲಿ ನಡುವಿನದಕ್ಕೆ, ಕೆಂಪು ಪೂರ್ಣ ಗದ್ದಲಕ್ಕೆ. 100 ವಾಟಿನ ಹೆಡ್ಡಿನಲ್ಲಿ ಮೂರಕ್ಕೂ ಪ್ರತ್ಯೇಕ ನಾಬುಗಳು. ಹಳೆಯ 5150ರ ಶುಚಿ ದನಿ ಎಂದರೆ ಹೆಸರಿಗಷ್ಟೇ ಶುಚಿ. ಇಲ್ಲಿ ಅದು ನಿಜಕ್ಕೂ ನುಡಿಸಲು ಯೋಗ್ಯವಾಗಿದೆ. ಕೆಂಪು ಚಾನೆಲ್ಲು ಹಳೆಯದಕ್ಕಿಂತ ಬಿಗಿ, ತಗ್ಗಿನ ಸ್ವರ ಹರಡಿಕೊಳ್ಳುವುದಿಲ್ಲ. ತಂತಿಗಳನ್ನು ತಗ್ಗಿಸಿ ವೇಗವಾಗಿ ನುಡಿಸುವ ಇಂದಿನ ತಂಡಗಳಿಗೆ ಇದೇ ಹಿಡಿಸಿದೆ. ಫ್ರಾನ್ಸಿನ ಗೋಜಿರಾ ತಂಡದವರು ಇದನ್ನು ನುಡಿಸಿದ್ದಾರೆ. ಹಳೆಯ ಪೆಟ್ಟಿಗೆಯ ಮರಳು, ಆ ಸ್ವಲ್ಪ ಅಂಕೆ ತಪ್ಪಿದ ಭಾವ ಮಾತ್ರ ಇದರಲ್ಲಿ ಕಡಿಮೆ. ಎಡ್ಡಿ 2020ರ ಅಕ್ಟೋಬರ್ 6ರಂದು ತೀರಿಕೊಂಡ. ಆ ಹೆಸರಿನ ಆಂಪುಗಳು ಈಗಲೂ ಬರುತ್ತಿವೆ, 50 ವಾಟಿನದ್ದೂ ಇದೆ, 15 ವಾಟಿನ ಗೊಂಬೆಯಂಥದ್ದೂ ಇದೆ.

ವಾಟಿನ ಮಾತು ಬಂದದ್ದರಿಂದ, ಫ್ಲ್ಯಾಟಿನಲ್ಲಿ ಇರುವ ನಮಗೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಇಲ್ಲಿದೆ. 120 ವಾಟಿನ ಬದಲು 15 ವಾಟಿನ ಆಂಪ್ ಕೊಂಡರೆ ಸದ್ದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ಮಕ್ಕಳು ಅಪ್ಪಅಮ್ಮನನ್ನು ಒಪ್ಪಿಸುತ್ತಾರೆ. ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ವಾಟ್ ಅರ್ಧವಾದರೆ ಇಳಿಯುವುದು ಬರೀ 3 ಡೆಸಿಬೆಲ್. 120ರಿಂದ 15ಕ್ಕೆ ಇಳಿದರೆ 9 ಡೆಸಿಬೆಲ್, ಅಂದರೆ ಕಿವಿಗೆ ಸುಮಾರು ಅರ್ಧದಷ್ಟು ಸದ್ದು. ಮೆಟಲ್ ವಾದಕರ ನೆಚ್ಚಿನ ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಬರುತ್ತದೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಸೊಸೈಟಿಯ ಸೆಕ್ರೆಟರಿ ಬಾಗಿಲು ಬಡಿಯಲು ಒಂದು ವಾಟ್ ಧಾರಾಳ ಸಾಕು.

ಸೆಕ್ರೆಟರಿಗಿಂತ ಹೆಚ್ಚು ಹೆದರಬೇಕಾದ್ದು ಕಿವಿಯ ವಿಷಯಕ್ಕೆ. ಕೆಲಸದ ಜಾಗದ ಸದ್ದಿನ ಬಗ್ಗೆ ಅಮೆರಿಕದ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿರುವ ಲೆಕ್ಕದಲ್ಲಿ 85 ಡೆಸಿಬೆಲ್ಲಿಗೆ ದಿನಕ್ಕೆ ಎಂಟು ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧವಾಗುತ್ತ ಹೋಗಿ, 100 ತಲುಪುವಾಗ ಉಳಿಯುವುದು ಹದಿನೈದು ನಿಮಿಷ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮುಗಳು ಸಣ್ಣ ಕೋಣೆಗಳು. ಡ್ರಮ್ಮಿನ ಜೊತೆ ಪೈಪೋಟಿಗೆ ಬಿದ್ದು ಎರಡೆರಡು ಗಂಟೆ ನುಡಿಸುತ್ತಾರೆ. ಹೊರಬಂದ ಮೇಲೆ ಕಿವಿಯಲ್ಲಿ ಕುಂಯ್ ಎನ್ನುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಕುಂಯ್ ಒಂದು ದಿನ ನಿಲ್ಲದೆಯೂ ಉಳಿಯಬಹುದು. ಮಗಳಿಗೋ ಮಗನಿಗೋ ಆಂಪಿಗೆ ದುಡ್ಡು ಕೊಡುವ ಮನೆಯವರು ಮೊದಲು ಕಿವಿಗೆ ಒಳ್ಳೆಯ ಇಯರ್‌ಪ್ಲಗ್ ಕೊಡಿಸಲಿ.

ಮನೆಯಲ್ಲಿ ನುಡಿಸಲು ಹಾಗಾದರೆ ಏನು ಮಾಡಬೇಕು? ಹೆಡ್‌ಫೋನ್ ಮತ್ತು ಸಾಫ್ಟ್‌ವೇರ್. ಈ ಆಂಪಿನ ನಕಲು ಇಲ್ಲದ ಮಾಡೆಲರ್ ಇಂದು ಸಿಗುವುದು ಕಷ್ಟ, ಹೆಸರು ಮಾತ್ರ ನೇರವಾಗಿ ಹಾಕುವುದಿಲ್ಲ. ಲೈನ್ 6 ಕಂಪನಿಯ ಹೀಲಿಕ್ಸಿನಲ್ಲಿ ಇದು ಪಿವಿ ಪನಾಮಾ. ಪನಾಮಾ ವ್ಯಾನ್ ಹೇಲನ್ ತಂಡದ ಹಾಡು, ಪಿವಿ ಯಾರೆಂದು ನಿಮಗೆ ಗೊತ್ತು. ಫ್ರ್ಯಾಕ್ಟಲ್ ಕಂಪನಿಯವರು ಪಿವಿಎಚ್ 6160 ಎಂದು ಇಟ್ಟಿದ್ದಾರೆ. ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ತಂತ್ರಾಂಶವೂ ಇದೆ. ನಿಜವಾದ ಆಂಪಿನ ದನಿಯಿಂದ ಕಲಿಸಿದ ಮಾದರಿಗಳು ಅದಕ್ಕೆ ಬೇಕಾದಷ್ಟು ಸಿಗುತ್ತವೆ. ಹೀಗೆ ಬ್ಲಾಕ್ ಲೆಟರ್, 6505 ಪ್ಲಸ್, 5150 ತ್ರೀ ಮೂರನ್ನೂ ಪಕ್ಕಪಕ್ಕ ಇಟ್ಟು ಕಾಸು ಖರ್ಚಿಲ್ಲದೆ ಹೋಲಿಸಬಹುದು. ಹೋಲಿಸುವಾಗ ಎಲ್ಲದರ ಸದ್ದನ್ನೂ ಒಂದೇ ಮಟ್ಟಕ್ಕೆ ತನ್ನಿ, ಏಕೆಂದರೆ ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕಾಣುತ್ತದೆ. ಸ್ಪೀಕರಿನ ನಕಲನ್ನು ಬದಲಾಯಿಸಿಯೂ ನೋಡಿ. ಸ್ಪೀಕರ್ ಬದಲಾದಾಗ ಆಗುವ ವ್ಯತ್ಯಾಸದ ಮುಂದೆ ಬ್ಲಾಕ್ ಲೆಟರ್, ಸಿಗ್ನೇಚರ್ ಜಗಳ ನಗೆಪಾಟಲು ಎನಿಸುತ್ತದೆ.

ನಿಜವಾದ ಪೆಟ್ಟಿಗೆಯೇ ಬೇಕು, ವೇದಿಕೆಯೂ ಇದೆ ಎನ್ನುವವರಿಗೆ ನನ್ನ ಅಭಿಪ್ರಾಯ: ಹಳೆಯ ಮೆಟಲ್ ದನಿಯೇ ಬೇಕಿದ್ದರೆ ಸಾದಾ 6505, ಸುಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಆದರೂ ಸರಿ. ಶುಚಿ ದನಿಯೂ ಬೇಕು, ಒಂದೇ ಆಂಪಿನಲ್ಲಿ ಸಂಸಾರ ನಡೆಯಬೇಕು ಎಂದರೆ 50 ವಾಟಿನ 5150 ತ್ರೀ. ಬ್ಲಾಕ್ ಲೆಟರ್ ಸಂಗ್ರಹಕಾರರಿಗಿರಲಿ. ಉಳಿದ ದುಡ್ಡಿನಲ್ಲಿ ಆಂಪಿನ ಮುಂದೆ ಇಡಲು ಒಂದು ಟ್ಯೂಬ್ ಸ್ಕ್ರೀಮರ್ ಪೆಡಲ್ ತನ್ನಿ. ಅದರ ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿ. ತಗ್ಗಿನ ಕೆಸರು ಆಂಪಿಗೆ ಹೋಗುವ ಮೊದಲೇ ಸೋಸಿಹೋಗುತ್ತದೆ. ಆಂಡಿ ಸ್ನೀಪ್‌ನ ಧ್ವನಿಮುದ್ರಣಗಳ ಬಿಗಿಯ ಒಂದು ಪಾಲು ಇದರದ್ದು.

ಅಮೆರಿಕದಿಂದ ಬರುವ ಅಳಿಯನ ಸಾಮಾನಿನ ಜೊತೆ ತರಿಸುವ ಯೋಚನೆ ಇದ್ದರೆ ಹಿಂಬದಿಯ ಬರಹ ಓದಿಸಿ. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ನೇರ ಚುಚ್ಚಿದರೆ ಹೊಗೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ 500 ವಿಎಗೆ ಕಡಿಮೆ ಇಲ್ಲದ್ದು. ಸ್ಪೀಕರ್ ಜೋಡಿಸದೆ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳು ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತವೆ, ಜೀವ ತೆಗೆಯುವಷ್ಟು. ಸ್ಕ್ರೂಡ್ರೈವರ್ ಹಿಡಿದ ಮಗನನ್ನು ದೂರ ಇಡಿ, ತಿಳಿದ ರಿಪೇರಿಯವರ ಹತ್ತಿರ ಒಯ್ಯಿರಿ. ನೋಡಲು ಹೋಗುವಾಗ ನಿಮ್ಮದೇ ಗಿಟಾರ್ ಇರಲಿ. ಹತ್ತು ನಿಮಿಷ ಆಂಪ್ ಬಿಸಿಯಾಗಲು ಬಿಡಿ, ಎಲ್ಲ ನಾಬುಗಳನ್ನು ಮಧ್ಯಕ್ಕೆ ತಂದು, ಗೇನನ್ನು ಮಾತ್ರ 4ರ ಮೇಲೆ ಏರಿಸದೆ ಒಂದು ಸ್ವರ ಎಳೆದು ನೋಡಿ.